ಮೂರನೇ ಲಿಂಕು

ನಮ್ಮ ಮನೆಯವರಿಗೆ ಬಾಯಿಗಿಂತ ಕೈ ಮುಂದು. ಅಪ್ಪ ಮರಿಸ್ವಾಮಿ ಬದುಕಿದ್ದಷ್ಟು ದಿನ ಎತ್ತಿಗಾಗಲಿ ಹೆಂಡತಿಗಾಗಲಿ ಒಂದು ಮಾತನ್ನು ಎರಡನೇ ಸಲ ಹೇಳಿದವನಲ್ಲ. ಎರಡನೇ ಸಲಕ್ಕೆ ಬಾರುಕೋಲು ಮಾತಾಡುತ್ತಿತ್ತು. ಆ ಕೈ ಅಣ್ಣ ವೀರೇಂದ್ರನಿಗೆ ಬಂತು, ನನಗೂ ಬಂತು. ಗಂಡ ಅನ್ನಿಸಿಕೊಂಡವನು ಒಂದು ಮಧ್ಯಾಹ್ನ ಬಿಸಿ ಸಾರನ್ನು ನನ್ನ ಮುಖಕ್ಕೆ ಎರಚಿದ. ನಾನು ಮುದ್ದೆ ಕೋಲಿನಿಂದ ಅವನ ಮೊಣಕೈ ಮುರಿದು, ಅದೇ ಸೀರೆಯಲ್ಲಿ ಬಸ್ಸು ಹತ್ತಿ ಕನಕಪುರಕ್ಕೆ ಬಂದುಬಿಟ್ಟೆ. ಅದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಬೇಸರ ಇರುವುದು ಬೇರೆಯವರ ಕೈಗಳ ವಿಚಾರಕ್ಕೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಣ್ಣ ಒಂದೇ ಒಂದು ಮಾತು ಕೇಳಿದ.

"ಯಾವ ಕೈ ಮುರ್ದೆ?"

"ಬಲಗೈ."

"ಸರಿ ಬುಡು. ಒಳೀಕ್ ಬಾ, ಉಂಡ್ಕೋ."

ಆಮೇಲೆ ಆ ವಿಚಾರ ಎತ್ತಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನಗೊಂದು ಬ್ರೌಸಿಂಗ್ ಸೆಂಟರ್ ಹಾಕಿಕೊಟ್ಟ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಉಯ್ಯಂಬಳ್ಳಿಯಿಂದಾಚೆ ಅವನು ಹೊಸದಾಗಿ ಶುರುಮಾಡಿದ ಕಲ್ಲು ಕ್ವಾರಿ, ಕ್ರಷರ್ರಿಗೆ ನನ್ನ ಹೆಸರನ್ನೇ ಇಟ್ಟ: ಮಂಗಳಗೌರಿ ಸ್ಟೋನ್ಸ್. ಲಾರಿಗಳ ಹಣೆಯ ಮೇಲೆಲ್ಲ ನನ್ನ ಹೆಸರು. ಗಂಡನ ಮನೆ ಬಿಟ್ಟು ಬಂದವಳಿಗೆ ಇಂಥ ತವರು ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ? ಅಣ್ಣ ಅಂದರೆ ನನಗೆ ಪ್ರಾಣ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ ಅದು. ಕನಕಪುರ ರಸ್ತೆಯಲ್ಲಿ ನಿನ್ನೆ ರಾಗಿ ಇದ್ದ ಕಡೆ ಇವತ್ತು ಅಪಾರ್ಟ್‌ಮೆಂಟಿನ ಬೋರ್ಡು. ಎಲ್ಲರಿಗೂ ಜಲ್ಲಿ ಬೇಕು. ಎರಡು ಸಾವಿರದ ಏಳರಲ್ಲಿ ಬೆಂಗಳೂರಿನ ಬಿಲ್ಡರ್ ಒಬ್ಬ ಅಣ್ಣನಿಗೆ, "ಈಗ ಯಾರೂ ಊರೂರು ಅಲೆದು ಕ್ರಷರ್ ಹುಡುಕಲ್ಲ, ಗೂಗಲ್‌ನಲ್ಲಿ ಮೊದಲು ಬಂದವರಿಗೆ ಫೋನ್ ಮಾಡ್ತೀವಿ" ಅಂದನಂತೆ. ಅಣ್ಣ ನೇರ ನನ್ನ ಅಂಗಡಿಗೆ ಬಂದ.

"ಗೌರಿ, ಅದೇನೋ ಗೂಗಲ್ ಅಂತೆ. ಅದ್ರಲ್ಲಿ ನಮ್ದೇ ಮೊದ್ಲು ಬರ್ಬೇಕು ಕಣವ್ವ. ಎಂಗ್ ಮಾಡ್ತೀಯೋ ಮಾಡು."

ಮಾಡಿದೆ. ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಪ್ರಿಂಟು ತೆಗೆದು ಗೋಡೆಗೆ ಅಂಟಿಸಿಕೊಂಡು ಕ್ರಷರ್ ಹೆಸರಲ್ಲಿ ಒಂದು ಬ್ಲಾಗು ಶುರುಮಾಡಿದೆ. ಬರೆದರೆ ಸಾಲದು, ಲಿಂಕು ಹಾಕಬೇಕು. ನಮ್ಮ ಒಂದು ಬರಹದಿಂದ ನಮ್ಮದೇ ಇನ್ನೊಂದು ಬರಹಕ್ಕೆ ಹೋಗುವುದು ಒಳಲಿಂಕು. ಹೊರಗಿನವರ ಪುಟಕ್ಕೆ ಹೋಗುವುದು ಹೊರಲಿಂಕು. ಹೆಣ್ಣು ನೋಡುವ ಮುಂಚೆ ನಾವು ವಿಚಾರಿಸುವುದಿಲ್ಲವೇ, ಆ ಮನೆಯವರು ಒಳಗೊಳಗೆ ಹೊಂದಿಕೊಂಡಿದ್ದಾರೋ, ಹೊರಗೆ ಯಾರ ಮನೆಗೆ ಹೋಗಿ ಬಂದು ಮಾಡುತ್ತಾರೋ ಎಂದು? ಗೂಗಲ್ಲೂ ಅದನ್ನೇ ಕೇಳುತ್ತದೆ. ಪ್ರತಿ ಬರಹಕ್ಕೆ ಮೂರು ಒಳಲಿಂಕು, ಎರಡು ಹೊರಲಿಂಕು ಎಂದು ನಾನೇ ಒಂದು ಲೆಕ್ಕ ಕಟ್ಟಿಕೊಂಡೆ. ಅದನ್ನು ವ್ರತದ ಹಾಗೆ ಪಾಲಿಸಿದೆ.

ಮೊದಮೊದಲು ಎಡವಟ್ಟಾಯಿತು. ಅದೇ ಕಸುಬಿನವರ ಪುಟಕ್ಕೆ ಲಿಂಕು ಕೊಟ್ಟರೆ ಒಳ್ಳೆಯದು ಎಂದು ಎಲ್ಲೋ ಓದಿ, ಮಾಗಡಿ ಕಡೆಯ ಇನ್ನೊಂದು ಕ್ರಷರ್ರಿಗೆ ಹೊರಲಿಂಕು ಹಾಕಿಬಿಟ್ಟೆ. ನಮ್ಮ ಗಿರಾಕಿಯೊಬ್ಬ ಅದನ್ನು ಒತ್ತಿ ಅಲ್ಲಿಗೇ ಫೋನು ಮಾಡಿದ, ಜಲ್ಲಿ ಅಲ್ಲಿಂದಲೇ ತರಿಸಿಕೊಂಡ. ಅಣ್ಣ ಬಂದವನೇ ಮೇಜಿನ ಮೇಲಿದ್ದ ಕೀಬೋರ್ಡ್ ಎತ್ತಿ ನನ್ನ ಬೆನ್ನಿಗೆ ಬಾರಿಸಿದ. ಕೀಗಳೆಲ್ಲ ಹುರಿಗಡಲೆ ಚೆಲ್ಲಿದ ಹಾಗೆ ಚೆಲ್ಲಿದವು.

"ಅನ್ನ ಇಕ್ಕಿದೋರ ಮನೆಗೆ ಕನ್ನ ಹಾಕ್ತೀಯೇನೇ? ಬಂದ ಗಿರಾಕೀನ ಎದುರ್ಮನೆಗೆ ಕಳಿಸ್ತೀಯಾ?"

ನಾನು ಬಿಡುತ್ತೇನೆಯೇ? ಕೈಗೆ ಸಿಕ್ಕಿದ ಸ್ಟೇಪ್ಲರ್ ಬೀಸಿದೆ. ಅವನ ಹಣೆ ಒಡೆದು ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕಿಸಿಕೊಂಡು ಬರುತ್ತಾ ದಾರಿಯಲ್ಲಿ ಬೋಂಡ ಕಟ್ಟಿಸಿಕೊಂಡು ಬಂದ. ಇಬ್ಬರೂ ಕೂತು ತಿಂದೆವು, ಒಬ್ಬರ ಗಾಯ ನೋಡಿ ಒಬ್ಬರು ನಕ್ಕೆವು. ನಮ್ಮಲ್ಲಿ ಪ್ರೀತಿ ಇದ್ದದ್ದೇ ಹಾಗೆ. ಅದೊಂದು ರೋಗ ಎಂದು ಆಗ ನನಗೆ ಅನ್ನಿಸಿರಲಿಲ್ಲ.

ಅವತ್ತೇ ಅವನಿಗೆ ಕಲಿಸಿಕೊಟ್ಟೆ. "ನೋಡಣ್ಣ, ನೀಲಿ ಅಕ್ಷರ ಕಂಡ್ರೆ ಲಿಂಕು ಅಂತ. ಅದ್ರ ಮ್ಯಾಲೆ ಒತ್ತು. ಎಲ್ಲಿಗ್ ಓಯ್ತದೆ ಅಂತ ನೀನೇ ನೋಡ್ಕೊಂಡ್ರೆ ನನ್ ಬೆನ್ನಾದ್ರೂ ಉಳೀತದೆ."

ಅವನಿಗೆ ಅದೊಂದು ಹುಚ್ಚಾಯಿತು. ಬೆಳಿಗ್ಗೆ ಕ್ವಾರಿಗೆ ಹೋಗುವ ಮುಂಚೆ ಅಂಗಡಿಗೆ ಬಂದು, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ನನ್ನ ಹೆಸರು ಟೈಪು ಮಾಡಿ, ಮೊದಲ ಸಾಲಿನಲ್ಲಿ ಕ್ರಷರ್ ಬಂದದ್ದನ್ನು ಕಣ್ತುಂಬ ನೋಡಿ, ನೀಲಿ ಅಕ್ಷರಗಳನ್ನೆಲ್ಲ ಒತ್ತಿ ಒತ್ತಿ ನೋಡಿಯೇ ಹೊರಡುತ್ತಿದ್ದ.

ಒಳಲಿಂಕು ಹಾಕಲು ಬರಹಗಳು ಬೇಕಲ್ಲ? ಜಲ್ಲಿಯ ಅಳತೆ, ಲಾರಿ ಬರುವ ದಾರಿ ಇಷ್ಟು ಬರೆಯುವಷ್ಟರಲ್ಲಿ ಸರಕು ಮುಗಿಯಿತು. ಕ್ಯಾಮೆರಾ ಹಿಡಿದು ಕ್ವಾರಿಗೇ ಹೋದೆ. ಅಲ್ಲಿ ನನಗೆ ಸಿಕ್ಕಿದವನು ಜಬ್ಬಾರ್.

ಜಬ್ಬಾರ್ ಚನ್ನಪಟ್ಟಣದವನು. ಅವನಪ್ಪ ಗೊಂಬೆ ಕಡೆಯುತ್ತಿದ್ದರಂತೆ, ಇವನಿಗೆ ಮರ ಒಲಿಯಲಿಲ್ಲ, ಕಲ್ಲು ಒಲಿಯಿತು. ನಮ್ಮ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮದ್ದಿಗೆ ಕುಳಿ ಕೊರೆಯುವವನು ಅವನೊಬ್ಬನೇ. ಬಂಡೆಯ ಮೇಲೆ ಸಣ್ಣ ಸುತ್ತಿಗೆಯಲ್ಲಿ ಟಕ್ ಟಕ್ ಎಂದು ಬಡಿದು, ಅಂಗೈ ಊರಿ, ತಲೆ ವಾರೆ ಮಾಡಿ ಕೇಳುತ್ತಿದ್ದ. ಆಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದ. ಬಂಡೆ ಆ ಗೀಟಿನ ಮೇಲೆಯೇ ಸೀಳುತ್ತಿತ್ತು, ಒಂದು ಬೆರಳು ಆಚೆ ಇಲ್ಲ, ಈಚೆ ಇಲ್ಲ.

"ಕಿವೀಲಿ ಕೇಳ್ತೀಯೇನಪ್ಪಾ?" ಅಂದೆ.

"ಇಲ್ಲ ಅಕ್ಕಾ, ಕೈಯಾಗೆ. ಒಳಗೆ ಎಲ್ಲಿ ಸೀಳೈತೆ ಅಂತ ಕೈಗೇ ಗೊತ್ತಾಯ್ತದೆ. ನಂಗೆ ಓದು ಬರಲ್ಲ, ಬರಹ ಬರಲ್ಲ. ಇವೆರಡೇ ನನ್ ಆಸ್ತಿ."

ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ ತೋರಿಸಿ ನಕ್ಕ. ಅದೇ ಫೋಟೋ ಹಾಕಿ ಬರೆದೆ: 'ಕೈಯಲ್ಲಿ ಕಲ್ಲಿನ ಮಾತು ಕೇಳುವ ಜಬ್ಬಾರ್'. ನಮ್ಮ ಬ್ಲಾಗಿನಲ್ಲಿ ಅತಿ ಹೆಚ್ಚು ಜನ ನೋಡಿದ್ದು ಅದನ್ನೇ. ಅಲ್ಲಿಂದಾಚೆಗೆ ಯಾವ ಬರಹದಲ್ಲಿ ಕುಳಿ ಕೊರೆಯುವ ಮಾತು ಬಂದರೂ ಜಬ್ಬಾರನ ಪುಟಕ್ಕೆ ಲಿಂಕು ಹಾಕುವುದು ನನಗೆ ರೂಢಿಯಾಯಿತು. ಬೀಗ ಹಾಕಿದ ಮೇಲೆ ಒಮ್ಮೆ ಎಳೆದು ನೋಡುತ್ತೇವಲ್ಲ, ಹಾಗೆ. ಕೈ ತಾನೇ ಮಾಡಿಬಿಡುತ್ತಿತ್ತು.

ಎರಡು ಸಾವಿರದ ಎಂಟು, ಮಾರ್ಚ್ ತಿಂಗಳು. ಕ್ವಾರಿಯಲ್ಲಿ ಕೆಲಸದವರಿಗೆ ನೀರು ಹೊತ್ತು ಕೊಡುತ್ತಿದ್ದ ಸಿದ್ದಮ್ಮ ಸತ್ತಳು. ಬಂಡೆಯ ಅಂಚಿನಿಂದ ಜಾರಿ ಬಿದ್ದಳು ಅಂದ ಅಣ್ಣ. ಮಣ್ಣಿಗೆ ನಾನೂ ಹೋಗಿದ್ದೆ. ಮುಖ ತೋರಿಸಲಿಲ್ಲ. ಬಿದ್ದು ಸತ್ತವಳ ಮುಖ ಯಾಕೆ ತೋರಿಸಲಿಲ್ಲ ಎಂದು ನನ್ನ ಮಂಕುಬುದ್ಧಿಗೆ ಹೊಳೆಯಲೇ ಇಲ್ಲ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಜಬ್ಬಾರ್ ಅಂಗಡಿಗೆ ಬಂದ. ಗಿರಾಕಿಗಳು ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತ. ಅವನ ಎಡಗೆನ್ನೆಯ ಮೇಲೆ ಹಳದಿಗೆ ತಿರುಗಿದ ಬಾಸುಂಡೆ ಇತ್ತು.

"ಸಿದ್ದಮ್ಮ ಬೀಳ್ಲಿಲ್ಲ ಅಕ್ಕಾ," ಅಂದ.

ಮದ್ದಿಗೆ ಬತ್ತಿ ಹಚ್ಚುವ ಮುಂಚೆ ಕೆಂಪು ಬಟ್ಟೆ ಏರಿಸಬೇಕು, ಮೂರು ಸಲ ಸೀಟಿ ಊದಬೇಕು, ಒಬ್ಬ ಸುತ್ತು ಹಾಕಿ ತಲೆ ಎಣಿಸಬೇಕು. ಅದು ಕ್ವಾರಿಯ ಕಟ್ಟಲೆ. ಅವತ್ತು ಏಳು ಲಾರಿ ಸಾಲಾಗಿ ನಿಂತಿದ್ದವು. ಬಿಲ್ಡರ್ ಫೋನಿನ ಮೇಲೆ ಫೋನು. "ಎಣಿಸ್ಕೊಂಡ್ ಕೂತ್ರೆ ಬೆಳಕರಿತದೆ, ಹಚ್ಲಾ" ಅಂದನಂತೆ ಅಣ್ಣ. ಸಿದ್ದಮ್ಮ ಕೊಡ ಹೊತ್ತು ಕೆಳಗಿನ ಹೊಂಡಕ್ಕೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ ಅಂದ ಜಬ್ಬಾರ್. ಅಣ್ಣ ಅವನ ಕೆನ್ನೆಗೆ ಬಾರಿಸಿ, ಬೆಂಕಿಪೊಟ್ಟಣ ಕಿತ್ತುಕೊಂಡು ತಾನೇ ಹಚ್ಚಿದ.

"ಕೊಡ ಸಿಕ್ತು. ಕೊಡ ಹಿಡ್ಕಂಡಿದ್ದ ಕೈ ಸಿಕ್ತು. ಮಿಕ್ಕಿದ್ದು ಗೋಣಿಚೀಲದಾಗೆ ತುಂಬಿದ್ವಿ. ನಾನೇ ತುಂಬಿದ್ದು ಅಕ್ಕಾ, ಈ ಕೈಯಾಗೆ. ಈಗ ದಿನಾ ಸೀಟಿ ಊದೋದು ನಿಲ್ಸವ್ರೆ. ನಾಳೆ ಇನ್ನೊಬ್ಬರು ಹೋಯ್ತಾರೆ. ಯಾರಾದ್ರೂ ದೊಡ್ಡೋರಿಗೆ ಕಾಣೋ ಹಂಗೆ ಬರೀರಿ. ನನ್ ಹೆಸ್ರು ಮಾತ್ರ ಬ್ಯಾಡ. ಈ ಕೈ ಹೋದ್ರೆ ನಂಗೆ ಬೇರೆ ಕಸುಬಿಲ್ಲ."

ಲಾರಿಗಳ ಹಣೆಯ ಮೇಲೆ ನನ್ನ ಹೆಸರು, ಆ ಹೆಸರಿನ ಕೆಳಗೆ ಒಂದು ಹೆಂಗಸಿನ ಹೆಣ. ಅಣ್ಣನನ್ನೇ ಹೋಗಿ ಕೇಳೋಣವೆಂದರೆ "ಯಾರು ಯೋಳಿದ್ದು?" ಎಂಬುದೇ ಅವನ ಮೊದಲ ಪ್ರಶ್ನೆ. ಜಬ್ಬಾರನ ಅಂಗೈ ಮೇಲೆ ನನ್ನ ಅಂಗೈ ತಟ್ಟಿ ಭಾಷೆ ಕೊಟ್ಟೆ. "ನಿನ್ನ ಹೆಸರು ಬರಲ್ಲ, ಹೋಗು" ಅಂದೆ.

ಅವತ್ತೇ ಬೇರೆ ಹೆಸರಿನಲ್ಲಿ ಹೊಸದೊಂದು ಬ್ಲಾಗು ತೆರೆದು ಬರೆದೆ. ಕೋಪದಲ್ಲಿ ಬರೆದದ್ದು, ಒಂದೇ ಉಸಿರಿಗೆ ಬಂತು. ಕೊನೆಯ ಸಾಲು ಇದು: 'ಆ ದಿನ ಕುಳಿ ಕೊರೆದವನು ಬೇಡ ಬೇಡ ಅಂದ, ಯಜಮಾನ ಅವನ ಕೆನ್ನೆಗೆ ಹೊಡೆದು ತಾನೇ ಬತ್ತಿ ಹಚ್ಚಿದ.' ಜಬ್ಬಾರನ ಹೆಸರು ಎಲ್ಲಾದರೂ ನುಸುಳಿದೆಯೋ ಎಂದು ಮೂರು ಸಲ ಓದಿದೆ. ಎಲ್ಲೂ ಇರಲಿಲ್ಲ. ಆ ಏಟನ್ನು ಕ್ವಾರಿಯಲ್ಲಿದ್ದವರೆಲ್ಲ ನೋಡಿದ್ದರು, ಯಾರು ಬೇಕಾದರೂ ಹೇಳಿರಬಹುದು ಅಂದುಕೊಂಡೆ.

ಆಮೇಲೆ ಲಿಂಕು ಹಾಕಲು ಕೂತೆ. ಲಿಂಕಿಲ್ಲದ ಬರಹ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ. ಹೊಸ ಬ್ಲಾಗಿನಲ್ಲಿ ಬೇರೆ ಬರಹವೇ ಇಲ್ಲದ್ದರಿಂದ ಹೊರಲಿಂಕು ಕೈಬಿಟ್ಟು, ಒಳಲಿಂಕು ಮೂರನ್ನೂ ಕ್ರಷರಿನ ಬ್ಲಾಗಿಗೇ ಕೊಡಬೇಕಾಯಿತು. ಕ್ರಷರ್ ಹೆಸರಿನ ಮೇಲೆ ಒಂದು. ಊರಿನ ದಾರಿಯ ಮೇಲೆ ಒಂದು. ಮೂರನೆಯದಕ್ಕೆ ಪದ ಹುಡುಕಿದೆ. 'ಕುಳಿ ಕೊರೆದವನು' ಎಂಬಲ್ಲಿ ಕೈ ನಿಂತಿತು, ರೂಢಿಯ ಪ್ರಕಾರ ಮಾಡುವುದನ್ನು ಮಾಡಿ ಮುಗಿಸಿತು. ನಾನು ನೋಡಲೂ ಇಲ್ಲ. ಲೆಕ್ಕ ಸರಿಹೋಯಿತೆಂದು ಕಂಪ್ಯೂಟರ್ ಆರಿಸಿ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಥೂ ನನ್ನ ಜನ್ಮಕ್ಕೆ.

ಎಂಟನೆಯ ದಿನ ಬೆಳಿಗ್ಗೆ ಅಣ್ಣ ಎಂದಿನಂತೆ ಬಂದ. ಟೀ ತರಿಸಿಕೊಂಡ. ಒಂದು ಬೆರಳಲ್ಲಿ ಹೆಸರು ಕುಟ್ಟಿದ. ಮೊದಲ ಸಾಲಿನಲ್ಲಿ ಕ್ರಷರ್ ಬ್ಲಾಗು. ಎರಡನೆಯ ಸಾಲಿನಲ್ಲಿ: 'ಸೀಟಿ ಊದದೆ ಕೊಂದರು.'

"ಇದೇನ್ ಗೌರಿ ಇದು?"

ನಾನು ಅವನ ಹಿಂದೆಯೇ ನಿಂತಿದ್ದೆ. ಅವನು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದತೊಡಗಿದ. ಓದುತ್ತಾ ಓದುತ್ತಾ ಕುತ್ತಿಗೆಯ ಹಿಂಭಾಗ ಕೆಂಪಾಯಿತು. ಓದಿ ಮುಗಿಸಿದ. ಆಮೇಲೆ ನಾನು ಕಲಿಸಿದ ಪಾಠ ನೆನಪಾಯಿತು ಅವನಿಗೆ. ಮೊದಲ ನೀಲಿ ಅಕ್ಷರ ಒತ್ತಿದ. ಕ್ರಷರಿನ ಪುಟ ಬಂತು. ಹಿಂದಕ್ಕೆ ಬಂದು ಎರಡನೆಯದು ಒತ್ತಿದ, ಲಾರಿ ದಾರಿಯ ಪುಟ ಬಂತು. ಹಿಂದಕ್ಕೆ ಬಂದ. ಆಗ ನನಗೆ ನೆನಪಾಯಿತು. ಮೂರನೆಯದು ಒತ್ತಿದ.

ಪರದೆಯ ತುಂಬ ಜಬ್ಬಾರ್ ನಗುತ್ತಾ ಎರಡೂ ಅಂಗೈ ಚಾಚಿದ್ದ.

"ಓಹೋ," ಅಂದ ಅಣ್ಣ, ಮೆಲ್ಲಗೆ. "ಇವ್ನಾ? ಯಾರ ಕೈಲೋ ಬರೆಸಿ, ಕೆಳಗೆ ತನ್ ಮುಖಾನೂ ಇಕ್ಕವ್ನೆ ನೋಡು."

ಬರೆದದ್ದು ನಾನಣ್ಣ. ಮೂರು ಮಾತು, ಅಷ್ಟೇ. ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಏಟಿಗೆ ಹೆದರಿದವಳಲ್ಲ ನಾನು, ಅದು ನಿಮಗೆ ಗೊತ್ತು. ತವರು ಹೋಗುತ್ತದಲ್ಲ ಅನ್ನಿಸಿತು. ಒಳೀಕ್ ಬಾ, ಉಂಡ್ಕೋ ಅಂದ ಬಾಯಿ ಇನ್ನೊಂದು ಸಲ ಹಾಗನ್ನುವುದಿಲ್ಲವಲ್ಲ ಅನ್ನಿಸಿತು. ಅಷ್ಟಕ್ಕೇ ಸುಮ್ಮನಿದ್ದುಬಿಟ್ಟೆ.

ಅವನು ಲೋಟದಲ್ಲಿದ್ದ ಟೀ ಪೂರ್ತಿ ಕುಡಿದು ಎದ್ದ. "ಬತ್ತೀನಿ ಕಣವ್ವ" ಅಂದು ಜೀಪು ಹತ್ತಿದ.

ಜೀಪಿನ ಧೂಳು ಇಳಿಯುವಷ್ಟರಲ್ಲಿ ನನಗೆ ಬುದ್ಧಿ ಬಂತು. ಕ್ವಾರಿಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಗಫಾರ್ ಸಾಬರ ಬಳಿ ಬೈಕಿತ್ತು. ಓಡಿದೆ.

"ಸಾಬ್ರೇ, ಬೈಕ್ ತೆಗೀರಿ. ಒಬ್ಬನ ಜೀವದ ಪ್ರಶ್ನೆ."

ಅವರು ಏನು ಎತ್ತ ಕೇಳಲಿಲ್ಲ, ಅಂಗಡಿ ತೆರೆದಿದ್ದ ಹಾಗೇ ಬಿಟ್ಟು ಬಂದರು. ಮುಕ್ಕಾಲು ಗಂಟೆಯ ದಾರಿ. ದಾರಿಯುದ್ದಕ್ಕೂ ನನ್ನ ಹೆಸರಿನ ಲಾರಿಗಳು ಎದುರಾದವು.

ಕ್ರಷರ್ ಓಡುತ್ತಿತ್ತು. ಅದು ಓಡುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳುವುದಿಲ್ಲ. ಅದಕ್ಕೇ ಓಡಿಸಿದ್ದರು. ಯಂತ್ರದ ಹಿಂದೆ ಚಪ್ಪಟೆ ಬಂಡೆಯ ಮುಂದೆ ಜಬ್ಬಾರನನ್ನು ಮಂಡಿಯೂರಿಸಿ ಇಬ್ಬರು ಹಿಡಿದಿದ್ದರು. ಅಣ್ಣನ ಕೈಯಲ್ಲಿ ಕಲ್ಲೊಡೆಯುವ ದೊಡ್ಡ ಸುತ್ತಿಗೆ. ಬಲಗೈ ಅಷ್ಟರಲ್ಲಿ ಮುಗಿದಿತ್ತು. ಅದು ಕೈಯೆಂದು ಹೇಳುವ ಹಾಗಿರಲಿಲ್ಲ. ಬೆರಳು ಯಾವುದು, ಜಲ್ಲಿ ಯಾವುದು ಗೊತ್ತಾಗದಂತೆ ಕೆಂಪು ಪುಡಿಯಲ್ಲಿ ಕಲೆಸಿಹೋಗಿತ್ತು. ಜಬ್ಬಾರನ ಬಾಯಿ ತೆರೆದಿತ್ತು, ಕೂಗು ಕೇಳಿಸುತ್ತಿರಲಿಲ್ಲ. ಎಡಗೈಯನ್ನು ಬಂಡೆಯ ಮೇಲೆ ಎಳೆದು ಇಡುತ್ತಿದ್ದರು.

ನಾನು ಹೋಗಿ ಹಿಡಿದಿದ್ದವನೊಬ್ಬನ ಕಿವಿ ಕಚ್ಚಿದೆ. ಬಾಯೊಳಗೆ ಉಪ್ಪುಪ್ಪು ರಕ್ತ ಬಂದರೂ ಬಿಡಲಿಲ್ಲ. ಅವನು ನನ್ನನ್ನು ಒದ್ದು ಕೆಡವಿದ. ಎದ್ದು ಅಣ್ಣನ ಕಾಲರ್ ಹಿಡಿದು, ಅವನ ಕಿವಿಗೆ ಬಾಯಿ ಹಚ್ಚಿ ಕಿರುಚಿದೆ.

"ನಾನು ಕಣೋ ಬರ್ದಿದ್ದು! ನಾನು!"

ಅಣ್ಣ ಕೈ ಮಾಡಿ ಕ್ರಷರ್ ನಿಲ್ಲಿಸಿದ. ಸದ್ದು ಇದ್ದಕ್ಕಿದ್ದಂತೆ ನಿಂತಾಗ ಜಬ್ಬಾರನ ನರಳಾಟ ಮೊದಲ ಸಲ ಕೇಳಿಸಿತು.

"ಇವನ್ನ ಉಳ್ಸಕ್ಕೆ ಸುಳ್ ಯೋಳ್ಬ್ಯಾಡ ಗೌರಿ. ಅತ್ಲಾಗ್ ಓಗು."

"ಆ ದಿನ ಕುಳಿ ಕೊರೆದವನು ಬೇಡ ಬೇಡ ಅಂದ," ಎಂದು ನಾನು ಬರೆದದ್ದನ್ನು ಬಾಯಿಪಾಠ ಒಪ್ಪಿಸಿದೆ. "ಯಜಮಾನ ಅವನ ಕೆನ್ನೆಗೆ ಹೊಡೆದು ತಾನೇ ಬತ್ತಿ ಹಚ್ಚಿದ. ಮೊದಲ್ನೇ ಸಾಲಿಂದ ಯೋಳ್ಲಾ? ಮೂರು ಲಿಂಕು ಹಾಕ್ದೋಳೂ ನಾನೇ. ಒಡಿಯೋದಾದ್ರೆ ನನ್ ಕೈ ಒಡಿ."

ಬಂಡೆಯ ಮೇಲೆ ನನ್ನೆರಡೂ ಕೈ ಇಟ್ಟೆ. ಅಣ್ಣ ನನ್ನ ಮುಖವನ್ನೇ ನೋಡಿದ. ನಂಬಿದ ಎಂದು ನನಗೆ ಗೊತ್ತಾಯಿತು. ಅಳುತ್ತಾನೇನೋ ಅಂದುಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು ಕೂಡ.

"ನಿನ್ ಮ್ಯಾಲೆ ಸುತ್ಗೆ ಎತ್ತಕ್ಕಾಯ್ತದಾ ಗೌರಿ? ಒಂದೇ ಹೊಟ್ಟೇಲಿ ಹುಟ್ಟಿದೋರು ಕಣವ್ವ ನಾವು," ಅಂದ. ಒಂದು ಕೈಯಲ್ಲಿ ನನ್ನನ್ನು ಪಕ್ಕಕ್ಕೆ ಸರಿಸಿದ, ಮಗುವನ್ನು ಸರಿಸುವ ಹಾಗೆ. "ನಿನ್ ಪಾಲಿಂದೂ ಇವನಿಗೇ."

ಸುತ್ತಿಗೆ ಎತ್ತಿ ಜಬ್ಬಾರನ ಎಡಗೈ ಮೇಲೆ ಹಾಕಿದ. ಒಂದು ಸಲ ಅವನ ಪಾಲಿಗೆ, ಇನ್ನೊಂದು ಸಲ ನನ್ನ ಪಾಲಿಗೆ.

ಬಲಗೈಯನ್ನು ಬೆಂಗಳೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ತೆಗೆದರು. ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಉಳಿದವು. ನಾನು ಪೊಲೀಸರಿಗೆ ಹೇಳಿಕೆ ಬರೆಸಿಕೊಟ್ಟೆ, ಅಣ್ಣ ಊರು ಬಿಟ್ಟು ತಲೆಮರೆಸಿಕೊಂಡ. ಜಬ್ಬಾರನಿಗೆ ಪ್ರಜ್ಞೆ ಬಂದು ಮಾತಾಡುವಂತಾದ ದಿನ ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ಜಹೀದಾ ಗಂಜಿ ಕುಡಿಸುತ್ತಿದ್ದಳು. ಬರೆದದ್ದು ನಾನು, ಅವನ ಮುಖ ಸಿಕ್ಕಿಸಿದ್ದೂ ನಾನು, ಗೊತ್ತಾದ ಮೇಲೆ ಬಾಯಿಮುಚ್ಚಿಕೊಂಡು ನಿಂತಿದ್ದೂ ನಾನು ಎಂದು ಎಲ್ಲ ಹೇಳಿದೆ. ಜಹೀದಾ ಲೋಟ ಕೆಳಗಿಟ್ಟಳು, ಎದ್ದು ಬಂದು ನನ್ನ ಕೆನ್ನೆಗೆ ಬಿಗಿದಳು.

ಹುಟ್ಟಿದಾರಭ್ಯ ಏಟು ತಿಂದು ಸುಮ್ಮನಿದ್ದವಳಲ್ಲ ನಾನು. ಅಂಥ ಹೊತ್ತಿನಲ್ಲೂ ನನ್ನ ದರಿದ್ರ ಕೈ ತಾನಾಗಿ ಮೇಲೆದ್ದಿತು. ಅದನ್ನು ನೋಡಿ ನನಗೇ ಹೇಸಿಗೆಯಾಯಿತು. ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ನೆಲದ ಮೇಲೆ ಕೂತೆ. ಜಹೀದಾ ಇನ್ನೊಂದು ಹೊಡೆದಳು. ತಿಂದೆ.

"ಸಾಕು ಬುಡು," ಅಂದ ಜಬ್ಬಾರ್ ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ, "ಮೂರ್ನೇ ನೀಲಿ ಅಕ್ಷರ ಅಂತಿದ್ರು ಅಕ್ಕಾ ನಿಮ್ಮಣ್ಣ, ಕ್ರಷರ್ ಓಡ್ಸಕ್ ಮುಂಚೆ. ಅದೇನದು?" ಅಂದ.

ಲಿಂಕು ಅಂದರೆ ಏನು ಎಂದು ವಿವರಿಸಿದೆ. ಅವನು ಕಣ್ಣುಮುಚ್ಚಿ ಕೇಳಿದ.

"ಕಲ್ಲಲ್ಲೂ ಹಂಗೇ. ಸೀಳು ಎಲ್ಲಿಗ್ ಹೋಯ್ತದೆ ಅಂತ ನೋಡ್ದೆ ಏಟ್ ಹಾಕ್ಬಾರದು. ನೀವು ನೋಡ್ಲಿಲ್ಲ."

"ನೋಡ್ಲಿಲ್ಲ ಜಬ್ಬಾರ್."

"ಹ್ಞೂಂ." ಕಣ್ಣು ತೆರೆದ. "ಈಗ ನನ್ ಹೆಸ್ರು ಹಾಕಿ. ಇನ್ನೇನ್ ಒಡೀತಾರೆ? ಸಿದ್ದಮ್ಮಂದೂ ಹಾಕಿ. ಮುಚ್ಚಿಟ್ಟು ಬರೆಯೋದಾದ್ರೆ ಮಾತ್ರ ಬರೀಬೇಡಿ."

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕೂತೆ. ಕ್ರಷರಿನ ಬ್ಲಾಗಿನ ಬೀಗದಕೈ ನನ್ನ ಹತ್ತಿರವೇ ಇತ್ತಲ್ಲ. ಸಿದ್ದಮ್ಮ ಹೇಗೆ ಸತ್ತಳು, ಜಬ್ಬಾರನ ಕೈ ಹೇಗೆ ಹೋಯಿತು, ಯಾರು ಸುತ್ತಿಗೆ ಎತ್ತಿದರು, ಯಾರು ಬಾಯಿಮುಚ್ಚಿಕೊಂಡಿದ್ದರು ಎಂಬುದನ್ನು ಹೆಸರು, ಊರು ಸಮೇತ ಬರೆದೆ. ಆಮೇಲೆ ಜಲ್ಲಿಯ ಅಳತೆ, ಲಾರಿ ದಾರಿ, ಕಲ್ಲಿನ ಗುಣ ಎಂದು ಬರೆದಿದ್ದ ನಲವತ್ತಾರು ಹಳೆಯ ಬರಹಗಳನ್ನೂ ಒಂದೊಂದಾಗಿ ತೆರೆದು, ಪ್ರತಿಯೊಂದರ ಮೂರೂ ಒಳಲಿಂಕುಗಳನ್ನು ಆ ಒಂದೇ ಬರಹಕ್ಕೆ ತಿರುಗಿಸಿದೆ. ಕನಕಪುರದ ಜಲ್ಲಿ ಎಂದು ಹುಡುಕಿದವರು ಎಲ್ಲಿ ಒತ್ತಿದರೂ ಸಿದ್ದಮ್ಮನ ಕೊಡದ ಹತ್ತಿರ ಬಂದು ನಿಲ್ಲಬೇಕು. ಈ ಸಲ ಒಂದೊಂದನ್ನೂ ಒತ್ತಿ, ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಿಯೇ ಮುಂದಿನದಕ್ಕೆ ಹೋದೆ. ಸಂಜೆಯಾಯಿತು.

ಹತ್ತು ದಿನದಲ್ಲಿ ಅದು ಮೊದಲ ಸಾಲಿಗೆ ಬಂತು. ಬಿಲ್ಡರುಗಳ ಫೋನು ನಿಂತಿತು. ಹನ್ನೊಂದನೆಯ ದಿನ ಮಧ್ಯಾಹ್ನ ಅಣ್ಣ ಬಂದ. ಗಡ್ಡ ಬಿಟ್ಟಿದ್ದ, ಅಂಗಿ ಕೊಳೆಯಾಗಿತ್ತು. ಕೈಯಲ್ಲಿ ಅದೇ ಸುತ್ತಿಗೆ.

"ತೆಗಿ ಅದನ್ನ."

"ತೆಗೆಯಲ್ಲ."

"ನಿನ್ ಕೊರಳಿಗೆ ಬೀಳ್ತದೆ ಗೌರಿ."

"ಅವತ್ತೇ ಬೀಳ್ಬೇಕಾಗಿತ್ತು. ಪರರ ಕೈಗೆ ಯಾಕ್ ಹಾಕ್ದೆ?"

ಸುತ್ತಿಗೆಯ ಹಿಡಿಯಿಂದ ನನ್ನ ಬಾಯಿಗೆ ಗುದ್ದಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ಎರಡನೆಯ ಗುದ್ದಿಗೆ ಕಣ್ಣು ಕತ್ತಲಾಗಿ ಪ್ರಿಂಟರಿನ ಮೇಲೆ ಬಿದ್ದೆ. ಪೇಪರ್ ಕತ್ತರಿಸುವ ಬ್ಲೇಡು ಕೈಗೆ ಎಟುಕುವ ಹಾಗೆಯೇ ಇತ್ತು. ಅದನ್ನು ನೋಡಿದೆ. ಮುಟ್ಟಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅದೊಂದೇ.

ಸುತ್ತಿಗೆ ಎತ್ತಿದ. ನನ್ನ ಮೇಲೆ ಹಾಕಲಿಲ್ಲ. ಮೊದಲ ಕಂಪ್ಯೂಟರ್ ಒಡೆದ, ಗಾಜು ರಸ್ತೆಯವರೆಗೆ ಸಿಡಿಯಿತು. ಎರಡನೆಯದನ್ನು ಒಡೆದ. ಮೂರನೆಯದು, ದಿನಾ ಅವನು ಕೂತು ನನ್ನ ಹೆಸರು ಕುಟ್ಟುತ್ತಿದ್ದದ್ದು, ಅದರ ಡಬ್ಬವನ್ನು ಬಯಲಿಗೆಳೆದು ತಗಡು ಚಪ್ಪಟೆಯಾಗುವ ತನಕ ಜಜ್ಜಿದ. ಬೆವರು ಒರೆಸಿಕೊಂಡು ನಿಂತ. ಮುಖದಲ್ಲಿ ನೆಮ್ಮದಿಯಿತ್ತು.

"ಓಯ್ತಲ್ಲ ಈಗ? ಇನ್ನೆಲ್ಲಿಂದ ಓದ್ತಾರೆ ಓದ್ಲಿ," ಅಂದ.

ಪಾಪ, ಬರಹವೆಲ್ಲ ಆ ಡಬ್ಬದೊಳಗೇ ಇದೆ ಅಂದುಕೊಂಡಿದ್ದ. ನೀಲಿ ಅಕ್ಷರ ಒತ್ತುವುದನ್ನು ಕಲಿಸಿದ ನಾನು, ಅದು ಎಲ್ಲಿರುತ್ತದೆ ಎಂಬುದನ್ನು ಕಲಿಸಿರಲಿಲ್ಲ. ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಬಸ್ ಸ್ಟ್ಯಾಂಡ್ ದಾಟುವ ಮುಂಚೆಯೇ ಪೊಲೀಸರು ಹಿಡಿದರು ಎಂದು ಆಮೇಲೆ ತಿಳಿಯಿತು.

ನಾನು ಗೋಡೆ ಹಿಡಿದುಕೊಂಡು ಗಫಾರ್ ಸಾಬರ ಅಂಗಡಿಗೆ ಹೋದೆ. ಅವರು ಹಾಡು ತುಂಬಿಸಿಕೊಡಲು ಇಟ್ಟುಕೊಂಡಿದ್ದ ಕಂಪ್ಯೂಟರ್ ಇತ್ತು.

"ಆಸ್ಪತ್ರೆಗೆ ಹೋಗೋಣ ನಡೀರಿ ತಂಗಿ," ಅಂದರು.

"ಹೋಗೋಣ ಸಾಬ್ರೇ. ಮೊದ್ಲು ನನ್ನದೊಂದು ಫೋಟೋ ತೆಗೀರಿ. ಅಂಗೈ ಕಾಣ್ಬೇಕು."

ಅವರಿಗೆ ಅರ್ಥವಾಗಲಿಲ್ಲ, ಆದರೂ ತೆಗೆದರು. ಅಲ್ಲೇ ಕೂತು ಆ ದಿನದ್ದನ್ನೂ ಸೇರಿಸಿ ಬರೆದೆ. ರಕ್ತ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು, ಸಾಬರು ಬಟ್ಟೆ ಕೊಟ್ಟರು. ಮೂರು ಲಿಂಕು ಹಾಕಿದೆ. ಸಿದ್ದಮ್ಮ ಎಂಬಲ್ಲಿ ಒಂದು. ಜಬ್ಬಾರ್ ಎಂಬಲ್ಲಿ ಒಂದು. ಮೂರನೆಯದನ್ನು 'ಬರೆದವಳು' ಎಂಬ ಪದಕ್ಕೆ ಹಾಕಿ, ಎಲ್ಲಿಗೆ ಹೋಗುತ್ತದೆ ಎಂದು ಒತ್ತಿ ನೋಡಿದೆ.

ಪರದೆಯ ತುಂಬ ನಾನೇ ಬಂದೆ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಒಡೆದು ಗಲ್ಲದ ತನಕ ರಕ್ತ ಇಳಿದಿತ್ತು. ಜಬ್ಬಾರ್ ಚಾಚಿದ್ದ ಹಾಗೆಯೇ ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿದ್ದೆ. ಹತ್ತು ಬೆರಳೂ ನೆಟ್ಟಗಿದ್ದವು.